ವಾಡೆಯ ಜೊತೆ ಬಂದ ಅಡ್ಡಹೆಸರು

ಬೀಗತನದ ಮಾತಿಗೆ ಕೂತಾಗ ನಿಮ್ಮ ಮನೆತನದ ಕಥೆಯನ್ನು ನೀವು ಮೊದಲು ಬಿಚ್ಚಬೇಡಿ. ಎದುರಿನವರದ್ದು ಪೂರ್ತಿ ಮುಗಿಯಲಿ. ಯಾದಗಿರಿಯ ಅಡತಿ ಅಂಗಡಿಯಲ್ಲಿ ತೊಗರಿ ಮಾರುತ್ತ ಇದನ್ನೇ ಕಲಿತವನು ನಾನು. ಮಗಳ ವಿಷಯದಲ್ಲಿ ಮರೆತೆ.

ಭೀಮರಾಯನಗುಡಿಯಲ್ಲಿ ಓದುವಾಗ ಅವಳು ಮೆಚ್ಚಿದ ಹುಡುಗ ಸಗರದ ಪಾಟೀಲರ ಮನೆಯವನು. ಅವನ ಅಜ್ಜಿ ಮತ್ತು ತಂದೆ ಶಹಾಪುರದ ನಮ್ಮ ಮನೆಗೆ ಬಂದರು. ಚಹಾ ಬರುವ ಮೊದಲೇ ನಾನು ಶುರು ಮಾಡಿದೆ: ನಾವು ಸುರಪುರ ಸೀಮೆಯ ದೇಸಾಯರು, ಹಳ್ಳಿಯಲ್ಲಿ ಕೋಟೆಯಂಥ ಮನೆ, ವಾಡೆ ಇದೆ, ನಿಜಾಮರ ಕಾಲದ ತಲೆಬಾಗಿಲು.

"ಎರಡು ಬುರುಜಿನ ವಾಡೆ ಏನ್ರಿ?" ಎಂದಳು ಅಜ್ಜಿ.

"ಹೌದ್ರಿ ಅವ್ವಾರ, ಅದೇ!"

"ಅಯ್ಯ ಶಿವನ! ನಮ್ಮ ಮಾವನ ಮುತ್ಯಾ ಹುಟ್ಟಿದ್ದು ಅಲ್ಲೇ. ಸಗರದಾಗ ಪಾಟೀಲಕಿ ಸಿಕ್ಕಿತು, ದೇಸಾಯಿ ಹೋಗಿ ಪಾಟೀಲ ಆತು. ಅಂದ್ರ ನೀವು ನಾವು ಅಣ್ಣತಮ್ಮರ ಆದ್ವಿ. ಅಣ್ಣತಂಗಿಗೆ ಲಗ್ನ ಮಾಡ್ತೀರೇನು?"

 ಅಡುಗೆಮನೆಯಲ್ಲಿ ಮಗಳ ಬಳೆ ಸದ್ದು ನಿಂತುಹೋಯಿತು.

ಸಂಗತಿ ಬೇರೆಯೇ ಇತ್ತು. ನಮ್ಮಪ್ಪ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದವನು, ನಮ್ಮ ಅಸಲಿ ಅಡ್ಡಹೆಸರು ಉಪ್ಪಿನ. ಕೊನೆಯ ದೇಸಾಯಿ ಹೈದರಾಬಾದಿಗೆ ಹೋಗುವಾಗ ಅಪ್ಪ ವಾಡೆ ಕೊಂಡ. ನಮ್ಮ ಕಡೆ ವಾಡೆಯಲ್ಲಿ ಒಲೆ ಹೊತ್ತಿಸಿದವನಿಗೆ ವಾಡೆಯ ಹೆಸರೇ ಅಂಟುತ್ತದೆ. ಮೊದಲು ಚೇಷ್ಟೆಗೆ ದೇಸಾಯಿ ಎಂದು ಕರೆದರು, ಆಮೇಲೆ ಸಾಲೆಯಲ್ಲಿ ಬರೆಸಿದರು, ನಾನು ಅಂಗಡಿ ಫಲಕಕ್ಕೂ ಹಾಕಿದೆ. ಆ ಹೆಸರು ಕೇಳಿ ದೊಡ್ಡ ವ್ಯಾಪಾರಿಗಳು ಎದ್ದು ಕುರ್ಚಿ ಕೊಟ್ಟಿದ್ದಾರೆ. ಈಗ ಕುರ್ಚಿ ಉಳಿಸಿಕೊಂಡರೆ ಮಗಳ ಸಂಬಂಧ ಹೋಗುತ್ತಿತ್ತು.

"ನಾವು ದೇಸಾಯರಲ್ಲರಿ, ಉಪ್ಪಿನವರು," ಎಂದೆ. 

ಹುಡುಗನ ತಂದೆ ಹುಬ್ಬೇರಿಸಿದರು. "ಏನ್ರಿ ಸಾವಕಾರ್ರ, ಗಳಿಗಿಗೊಂದು ಮನೆತನ? ಲಗ್ನ ಕೂಡಿಸಾಕ ಸುಳ್ಳು ಹೇಳಾಕತ್ತೀರೋ, ಮೊದಲು ಹೇಳಿದ್ದು ಸುಳ್ಳೋ?"

ಅಪ್ಪ ಎತ್ತಿನ ಮೇಲೆ ಉಪ್ಪು ಮಾರಿದ್ದು, ವಾಡೆ ಕೊಂಡದ್ದು ಹೇಳತೊಡಗಿದೆ. ನಂಬಿಸುವುದು ಹೇಗೆ? ಅಷ್ಟರಲ್ಲಿ ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದಳು.

"ಜ್ವಾಳ ಇಸ್ಕೊಂಡು ಉಪ್ಪು ಹಾಕ್ತಿದ್ದನಲ್ಲ, ಕೆಂಪು ರುಮಾಲಿನವ? ಸೇರಿನಾಗ ಹೆಬ್ಬೆಟ್ಟು ತುರುಕಿ ಅಳೀತಿದ್ದ ಹಲ್ಕಟ್! ಅವನ ಮಗನೇನ ನೀ?"

ಬೇರೆ ಯಾರಾದರೂ ಅಪ್ಪನಿಗೆ ಹಾಗೆ ಅಂದಿದ್ದರೆ ಎದ್ದು ಹೊರಗೆ ಕಳಿಸುತ್ತಿದ್ದೆ. "ಹೌದ್ರಿ ಅವ್ವಾರ," ಎಂದೆ. "ಅವನ ಮಗನೇ."

"ಮೂಗು ಅವಂದೇ ಐತಿ ಬಿಡು," ಎಂದು ಮುದುಕಿ ಮಗನ ಕಡೆ ತಿರುಗಿದಳು. "ರಕ್ತ ಬ್ಯಾರೆ ಐತೋ. ಕೂಡ್ತೈತಿ. ಆದ್ರ ಪತ್ರಿಕಿಯಾಗ ಉಪ್ಪಿನ ಅಂತ ಹಾಕಸ್ಬೇಕು. ಇಲ್ಲಂದ್ರ ನಮ್ಮ ಮಂದಿ ನಮ್ಮ ಬಾಯಾಗ ಮಣ್ಣು ಹಾಕ್ತಾರ."

"ಹಾಕಸೂಣ್ರಿ. ಕೆಳಗ ಸಣ್ಣ ಅಕ್ಷರದಾಗ ದೇಸಾಯಿ ಅಂತ..."

"ಅಪ್ಪಾ, ಸಾಕು ಮಾಡು!" ಒಳಗಿಂದ ಮಗಳು.

ಸಣ್ಣ ಅಕ್ಷರವನ್ನೂ ಬಿಟ್ಟೆ. ಬರೀ ಉಪ್ಪಿನ ಎಂದಿರುವ ಪತ್ರಿಕೆ ಅಚ್ಚಾಗಿ ಬಂದಿದೆ. ನಾಳೆ ಅಡತಿಯಲ್ಲಿ, ದೇಸಾಯಿ ಎಂದು ಕುರ್ಚಿ ಕೊಟ್ಟವರಿಗೇ ಹಂಚಬೇಕು. ಮೊದಲನೆಯದನ್ನು ಯಾರ ಕೈಗೆ ಕೊಡಲಿ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.