ಅಂಬೆಗಾಲು ಮೇಸ್ತ್ರಿಯ ಐದು ಮೆಟ್ಟಿಲು

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಐವತ್ತೆರಡು ವರ್ಷದ ಬಡಗಿಯೊಬ್ಬರು ಗಿರಾಕಿಯ ಮನೆಯ ಹಜಾರದಲ್ಲಿ ಅಂಬೆಗಾಲಿಡುತ್ತಿದ್ದಾರೆ. ಕಿವಿಯ ಮೇಲೆ ಪೆನ್ಸಿಲ್, ಮೊಣಕಾಲಿಗೆ ಹಳೆಯ ಜೀನ್ಸ್ ಮತ್ತು ಸ್ಪಂಜಿನಿಂದ ಹೊಲಿದ ಪಟ್ಟಿ. ಸೋಫಾದ ಕೆಳಗೆ ಇಣುಕುತ್ತಾರೆ, ಮೇಜಿನ ಕಾಲು ಬಳಸಿ ಬರುತ್ತಾರೆ, ಹೊಳೆಯುವ ಬೂದುಬಣ್ಣದ ಟೈಲ್ಸಿನ ಮೇಲೆ ಅಂಗೈ ಉಜ್ಜುತ್ತಾರೆ. ಇದ್ಯಾವ ಜಾತಿಯ ನೆಂಟ ಎಂಬಂತೆ ಅವರನ್ನು ಮೂಸುತ್ತಾ ಹಿಂದೆಯೇ ಕಂದು ನಾಯಿಯೊಂದು ಸುತ್ತುತ್ತಿದೆ. ಹದಿಮೂರು ತುಂಬಿ ಮುದಿಯಾದರೂ ಅದರ ಹೆಸರು ಮರಿ.

ನಾಯಿ ಬೆಕ್ಕು ಇರುವ ಮನೆಗಳನ್ನು ಅವುಗಳಿಗೂ ಹೊಂದುವಂತೆ ಬದಲಿಸಿಕೊಡುವುದು ಇವರ ಕಸುಬು. ಅಳತೆ ಹಿಡಿಯುವ ಮೊದಲೊಮ್ಮೆ, ಕೆಲಸ ಒಪ್ಪಿಸುವ ಮೊದಲೊಮ್ಮೆ, ಇಡೀ ಮನೆಯನ್ನು ಹೀಗೆ ನಾಲ್ಕು ಕಾಲಲ್ಲಿ ಸುತ್ತುತ್ತಾರೆ. ಅದಕ್ಕೇ ಜತೆಗಾರರು ‘ಅಂಬೆಗಾಲು ಮೇಸ್ತ್ರಿ’ ಎಂದು ಹೆಸರಿಟ್ಟಿದ್ದಾರೆ. “ನಿಂತ್ಕೊಂಡು ನೋಡಿದ್ರೆ ಮನೆಯವರಿಗೆ ಬೇಕಾದ್ದು ಕಾಣುತ್ತೆ. ಇವಕ್ಕೆ ಬೇಕಾದ್ದು ಕಾಣ್ಬೇಕಂದ್ರೆ ಬಗ್ಗಲೇಬೇಕು” ಎನ್ನುತ್ತಾರೆ. ಟೈಲರಿಂಗ್ ಮಾಡುವ ಹೆಂಡತಿಗೆ ಈ ಪದ್ಧತಿ ತಮಾಷೆ. “ಎರಡು ಕಾಲಿನ ಮನುಷ್ಯ ಅಂತ ನೋಡಿ ಮದ್ವೆ ಆದೆ. ಈಗ ಮೊಣಕಾಲು ಪಟ್ಟಿ ಹೊಲಿದೂ ಹೊಲಿದೂ ಸಾಕಾಯ್ತು.”

ಮೊದಲು ಅವರು ಕಪಾಟು ಮಾಡುವ ಕಾರ್ಖಾನೆಯಲ್ಲಿದ್ದರು. ಯಂತ್ರದಲ್ಲಿ ತಯಾರಾದ ಸಾಮಾನು ಬಂದ ಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಕೈಕಟ್ಟಿ ಕೂತಿದ್ದಾಗ ಹಳೆಯ ಗಿರಾಕಿಯೊಬ್ಬರು ಕರೆದರು. ಅವರ ಮನೆಯ ಬೆಕ್ಕು ಕಪಾಟಿನ ಬಾಗಿಲನ್ನೆಲ್ಲ ಪರಚಿ ಹಾಕಿತ್ತು. ಮೇಸ್ತ್ರಿ ಬಾಗಿಲು ಸರಿಮಾಡಿ, ಉಳಿದ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿ ಪಕ್ಕದಲ್ಲಿ ನಿಲ್ಲಿಸಿ ಬಂದರು. ಬೆಕ್ಕು ಬಾಗಿಲನ್ನು ಮರೆತು ಕಂಬಕ್ಕೆ ಅಂಟಿಕೊಂಡಿತು. ಜತೆಗಾರರು “ನಾಯಿಗೆ ಮಂಚ, ಬೆಕ್ಕಿಗೆ ಕಪಾಟು, ನಾಳೆ ಇರುವೆಗೆ ತೊಟ್ಟಿಲು” ಎಂದು ನಕ್ಕರು. ಇವರೂ ನಕ್ಕು ಕೆಲಸಕ್ಕೆ ಹೋದರು.

ಆದರೆ ಇವತ್ತಿನದು ನಗುವ ವಿಷಯವಲ್ಲ. ಈ ಮನೆಯಲ್ಲಿರುವುದು ಅತ್ತೆ, ಸೊಸೆ ಮತ್ತು ಮರಿ. ಅತ್ತೆಯ ಕೋಣೆ ಹಜಾರಕ್ಕಿಂತ ಎರಡು ಮೆಟ್ಟಿಲು ಎತ್ತರ. ಮರಿ ಮಲಗುವುದು ಅಲ್ಲಿಯೇ, ಅವರ ಮಂಚದ ಪಕ್ಕ. ಹೊಸ ಟೈಲ್ಸ್ ಹಾಕಿಸಿದ ಮೇಲೆ ಅದು ಎರಡು ಸಲ ಜಾರಿ ಬಿದ್ದಿದೆ. ಇನ್ನೊಮ್ಮೆ ಬಿದ್ದರೆ ಹಿಂಗಾಲು ಕೈಕೊಡುತ್ತದೆ ಎಂದು ಪಶುವೈದ್ಯರು ಎಚ್ಚರಿಸಿದ್ದಾರೆ. ದಿನವೂ ಅದನ್ನು ಎತ್ತಿ ಹತ್ತಿಸಿದ ಸೊಸೆಗೆ ಸೊಂಟ ಹಿಡಿದಿದೆ. ಹಾಗಾಗಿ ತೀರ್ಮಾನ ಆಗಿಹೋಗಿದೆ: ಮರಿ ಹೊಸ ಮೆಟ್ಟಿಲು ಹತ್ತಿದರೆ ಸರಿ, ಇಲ್ಲವಾದರೆ ಸಂಜೆ ಸೊಸೆಯ ತಮ್ಮ ಕಾರು ತಂದು ತನ್ನ ಮನೆಗೆ ಒಯ್ಯುತ್ತಾನೆ. ಅಲ್ಲಿ ಮೆಟ್ಟಿಲಿಲ್ಲ. ಅತ್ತೆ ಬೇಡವೆನ್ನಲಿಲ್ಲ. ಮರಿಯ ಬಟ್ಟಲು, ಹೊದಿಕೆ ತೊಳೆದು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಾರೆ.

ಹಳೆಯ ಎರಡು ಮೆಟ್ಟಿಲ ಮೇಲೆ ಮೇಸ್ತ್ರಿ ಐದು ತಗ್ಗು, ಅಗಲ ಮೆಟ್ಟಿಲು ಕೂರಿಸಿದ್ದಾರೆ. ಒಂದೊಂದರ ಒಡಲಲ್ಲೂ ಚಪ್ಪಲಿ, ಸರಪಳಿ, ಬ್ರಷ್ ಇಡಲು ಡ್ರಾಯರು. ಹಜಾರದ ಅಂದ ಕೆಡಬಾರದು ಎಂದಿದ್ದ ಸೊಸೆಯ ಇಷ್ಟದಂತೆ ಟೈಲ್ಸಿನದೇ ಬೂದುಬಣ್ಣ, ಜಾರದಂತೆ ಒರಟು ಲೇಪ. ಮಂಚದ ಪಕ್ಕ ನಾಯಿಗೊಂದು ತಗ್ಗು ಹಾಸಿಗೆ. ಇದರ ಅಳತೆಗೆ ಅತ್ತೆಯನ್ನೇ ಮಂಚದಲ್ಲಿ ಮಲಗಿಸಿ, ಕೈ ಇಳಿಬಿಡಿಸಿ, ಮೊಣಕೈಯಿಂದ ಬೆರಳ ತುದಿಯವರೆಗೆ ಟೇಪು ಹಿಡಿದಿದ್ದರು: ನಲವತ್ತೆರಡು ಸೆಂಟಿಮೀಟರ್. “ನಾಯಿ ಹಾಸಿಗೆಗೆ ನನ್ನ ಕೈ ಯಾಕಪ್ಪ ಅಳೀತೀಯ?” ಎಂದು ಕೇಳಿದವರಿಗೆ, “ಇರ್ಲಿ ಅಮ್ಮ, ಬೇಕಾಗುತ್ತೆ” ಎಂದಷ್ಟೇ ಹೇಳಿದ್ದರು.

ಈಗ ಎಲ್ಲರೂ ದಾರಿ ಬಿಟ್ಟು ನಿಂತಿದ್ದಾರೆ. ಮರಿ ಮೊದಲ ಮೆಟ್ಟಿಲ ಬಳಿ ಬರುತ್ತದೆ, ಮೂಸುತ್ತದೆ, ಮುಂಗಾಲನ್ನು ಗಾಳಿಯಲ್ಲಿ ಆಡಿಸುತ್ತದೆ, ಹಿಂದೆ ಸರಿಯುತ್ತದೆ. ಬಿಸ್ಕತ್ತು ತೋರಿಸಿದರೂ ಅಷ್ಟೇ. ಮೂರನೆಯ ಸಲ ಅದು ಚೀಲದ ಪಕ್ಕ ಹೋಗಿ ಮಲಗಿಬಿಡುತ್ತದೆ.

“ಬಿಡಿ ಮೇಸ್ತ್ರಿ, ನಿಮ್ಮ ಕೈಲಾದ್ದು ಮಾಡಿದ್ರಿ” ಎನ್ನುತ್ತಾರೆ ಸೊಸೆ.

ಆಗ ಅತ್ತೆ ಮೆಲ್ಲಗೆ ಹೇಳುತ್ತಾರೆ, “ಅದನ್ನ ಯಾಕೆ ಬೈತೀರ? ನನಗೂ ಅಲ್ಲಿ ಮೆಟ್ಟಿಲು ಕಾಣ್ತಿಲ್ಲ. ಇಳಿಜಾರು ಮಾಡಿದ್ದೀಯ ಅಂದ್ಕೊಂಡಿದ್ದೆ.”

“ಯಾರು ಬೈದ್ರು ಅತ್ತೆ?”

ಮೇಸ್ತ್ರಿ ಕನ್ನಡಕ ತೆಗೆದು ಮತ್ತೆ ಅಂಬೆಗಾಲಿಗೆ ಇಳಿಯುತ್ತಾರೆ. ಬೂದಿನ ಮೇಲೆ ಬೂದು. ಮೆಟ್ಟಿಲ ಅಂಚೆಲ್ಲ ನೆಲದಲ್ಲಿ ಕರಗಿಹೋಗಿದೆ. ಮರಿಯ ಎರಡು ಕಣ್ಣಲ್ಲೂ ತೆಳು ಪೊರೆಯಿದೆ. “ಕಾಲು ಅಳೆದೆ, ಬೆನ್ನು ಅಳೆದೆ, ಕಣ್ಣು ಬಿಟ್ಟೆ” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. “ಸೊಗಸು ಮಾಡೋಕೆ ಹೋಗಿ ಮೆಟ್ಟಿಲನ್ನೇ ಮಾಯ ಮಾಡಿದ್ದೀನಿ.”

ಹೆಂಡತಿಗೆ ಫೋನು ಹೋಗುತ್ತದೆ. ಆಕೆ ಒರಟು ಹಳದಿ ಬಟ್ಟೆಯ ಸುರುಳಿ ಹಿಡಿದು ಬರುತ್ತಾರೆ. ಹಳದಿಯೆಂದರೆ ನಾಯಿಯ ಕಣ್ಣಿಗೂ ಚೆನ್ನಾಗಿಯೇ ಕಾಣುವ ಬಣ್ಣ. ಪಟ್ಟಿ ಕತ್ತರಿಸುವುದು ಹೆಂಡತಿ, ಪ್ರತಿ ಅಂಚಿಗೂ ಗೋಂದು ಹಾಕಿ ಮೊಳೆ ಹೊಡೆಯುವುದು ಗಂಡ. ಸೊಸೆ ಮೊದಲು ಮುಖ ಹುಳ್ಳಗೆ ಮಾಡುತ್ತಾರೆ, ಆಮೇಲೆ ದೂರ ನಿಂತು ತಲೆ ಓರೆ ಮಾಡಿ ನೋಡುತ್ತಾರೆ. “ಸೋಫಾ ದಿಂಬಿಗೂ ಇದೇ ಬಟ್ಟೆ ಹೊಲಿದುಬಿಡಿ ಅಕ್ಕ. ಆಗ ಬೇಕಂತಲೇ ಮಾಡಿಸಿದ ಹಾಗೆ ಕಾಣುತ್ತೆ.”

ಗೋಂದು ಒಣಗುವಷ್ಟರಲ್ಲಿ ಮಧ್ಯಾಹ್ನ. ಅತ್ತೆ ಕೋಣೆಯೊಳಗಿಂದ ಒಮ್ಮೆ ಕೆಮ್ಮುತ್ತಾರೆ, ಕರೆಯುವುದಿಲ್ಲ. ಮರಿ ಎದ್ದು ಬರುತ್ತದೆ. ಹಳದಿ ಪಟ್ಟಿಯ ಮೇಲೆ ಒಂದು ಪಾದ, ಮತ್ತೊಂದು. ನಡುವೆ ನಿಂತು ಯೋಚಿಸುತ್ತದೆ. ಆಮೇಲೆ, ಇಷ್ಟು ಹೊತ್ತು ಇದಕ್ಕೇನು ಗಲಾಟೆ ಎಂಬಂತೆ, ಬಾಲ ಎತ್ತಿಕೊಂಡು ಐದನ್ನೂ ಹತ್ತಿ ಒಳಹೋಗುತ್ತದೆ.

ಸೊಸೆ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾರೆ, “ಬಾರೋ, ಆದ್ರೆ ಊಟಕ್ಕೆ ಬಾ. ಕಾರಲ್ಲಿ ಕರ್ಕೊಂಡು ಹೋಗೋಕೆ ಇಲ್ಲಿ ಯಾರೂ ಇಲ್ಲ.” ಚೀಲ ಆಗಲೇ ಖಾಲಿಯಾಗಿದೆ.

ಇನ್ನೇನಾದರೂ ಮಾಡುವ ಆಸೆ ಇದೆಯೇ ಎಂದು ಮೇಸ್ತ್ರಿಯನ್ನು ಕೇಳಿದರೆ ಅವರಿಗಿಂತ ಮೊದಲು ಹೆಂಡತಿ ಬಾಯಿ ಹಾಕುತ್ತಾರೆ: “ನಮ್ಮನೆ ಬೆಕ್ಕಿಗೆ ಕಿಟಕಿ ಪಕ್ಕ ಒಂದು ಹಲಗೆ. ಕೇಳಿ ಕೇಳಿ ಅದಕ್ಕೂ ವಯಸ್ಸಾಯ್ತು.” ಮೇಸ್ತ್ರಿ ನಗುತ್ತಾ ಉಪಕರಣ ಜೋಡಿಸಿಕೊಳ್ಳುತ್ತಾರೆ. “ನಾಳೆಯೇ ಮಾಡ್ತೀನಿ. ಅದರ ಕಣ್ಣೂ ನೋಡಿಯೇ.”

ಹೊರಡುವ ಮುನ್ನ ಕೋಣೆಯ ಬಾಗಿಲಲ್ಲಿ ಇಣುಕುತ್ತಾರೆ. ಅತ್ತೆ ಮಂಚದ ಮೇಲೆ ಮಲಗಿದ್ದಾರೆ. ಕಣ್ಣು ಮುಚ್ಚಿದೆ, ಇಳಿಬಿಟ್ಟ ಕೈ ಮರಿಯ ತಲೆಯ ಮೇಲಿದೆ. ಸದ್ದಾಗದಂತೆ ಬಳಿ ಹೋಗಿ ಮೇಸ್ತ್ರಿ ಟೇಪು ಹಿಡಿಯುತ್ತಾರೆ. ಮಂಚದ ಅಂಚಿನಿಂದ ನಾಯಿಯ ನೆತ್ತಿಗೆ ಮೂವತ್ತಾರು ಸೆಂಟಿಮೀಟರ್. ನಲವತ್ತೆರಡರ ಕೈಗೆ ತಲೆ ಸವರಲು ಇನ್ನೂ ಆರು ಉಳಿದಿದೆ.