ಎರಡು ಹತ್ತರ ಮೂರು ಬಡಿತ

ದೆವ್ವ, ಶಕುನ ಅಂದರೆ ನಕ್ಕುಬಿಡುವವಳು ನಾನು. ದುರ್ಗಿಗುಡಿಯ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಸಾಕು, ಅಮ್ಮ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾಳೆ. ಅವಳನ್ನು ಎಷ್ಟು ಗೇಲಿ ಮಾಡಿದ್ದೇನೋ ಲೆಕ್ಕವಿಲ್ಲ. ಈಗ ಮಾಡುವುದಿಲ್ಲ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಡಾಕ್ಟರೊಬ್ಬರ ಅಧ್ಯಯನಕ್ಕೆ ಕೆಲಸ ಮಾಡುತ್ತಿದ್ದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರ ಎದೆಬಡಿತದ ಏರಿಳಿತ ಹೇಗಿರುತ್ತದೆ ಎಂದು ಅವರು ನೋಡುತ್ತಿದ್ದರು. ಎದೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿ ಒಂದು ದಿನ ಬಿಡುವುದು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಎಂಬ ಪಟ್ಟಿ ನನ್ನ ಕಂಪ್ಯೂಟರಿಗೆ ಬರುತ್ತಿತ್ತು. ಅಕ್ಕಿ ಆರಿಸಿದ ಹಾಗೆ ಅದನ್ನು ಆರಿಸುವುದು ನನ್ನ ಕೆಲಸ. ಮೈ ಅಲುಗಿದಾಗ ದಾಖಲಾದ ಸುಳ್ಳು ಬಡಿತ, ಹೊತ್ತಿಗೆ ಮುಂಚೆ ನುಗ್ಗಿದ ಬಡಿತ ಇವನ್ನೆಲ್ಲ ತೆಗೆದು ಆ ಜಾಗಕ್ಕೆ ಅಕ್ಕಪಕ್ಕದವುಗಳ ಸರಾಸರಿ ತುಂಬಬೇಕು.

ಭದ್ರಾವತಿಯ ಸೆಲ್ವಿಯಮ್ಮನಿಗೆ ಯಂತ್ರ ಅಂಟಿಸಿ ಬಂದವಳು ನಾನೇ. ಕಾರ್ಖಾನೆ ಕೆಲಸಗಾರನ ಹೆಂಡತಿ, ಒಂಟಿ ಜೀವ. ಯಂತ್ರ ಬಿಚ್ಚಿ ತಂದ ಮೇಲೆ ನೋಡಿದರೆ, ಆಕೆಯ ಪಟ್ಟಿಯಲ್ಲಿ ಹಿಂದಿನ ದಿನ ಮಧ್ಯಾಹ್ನ ಎರಡು ಹತ್ತಕ್ಕೆ ಮೂರು ಬಡಿತ ಪಟಪಟನೆ ಬಂದು, ಆಮೇಲೆ ಉದ್ದನೆಯ ಬಿಡುವೊಂದು ಇತ್ತು. ಅಳಿಸಿದೆ. ಮೂಲ ಪ್ರತಿಯನ್ನು ಮುಟ್ಟಬಾರದು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ. ಅವತ್ತು ಊಟದ ಅವಸರದಲ್ಲಿ ಅದರ ಮೇಲೆಯೇ ಸೇವ್ ಮಾಡಿ ಎದ್ದುಬಿಟ್ಟೆ.

ಎರಡೂವರೆಗೆ ಸೆಲ್ವಿಯಮ್ಮನ ಫೋನ್ ಬಂತು. "ಆ ಮಿಷಿನಲ್ಲಿ ಏನಮ್ಮ ಮಾಡ್ಬಿಟ್ರಿ? ಇವತ್ತು ಅವ್ರು ಬರ್ಲೇ ಇಲ್ಲ!" ಆಕೆ ಅಳುತ್ತಿದ್ದರು.

"ಯಾರು ಬರ್ಲಿಲ್ಲ?"

"ನಮ್ಮನೆಯವ್ರು. ಫಸ್ಟ್ ಶಿಫ್ಟ್ ಮುಗಿಸ್ಕೊಂಡು ಎರಡು ಹತ್ತಕ್ಕೆ ಬರೋರು. ಮೂರು ಸಲ ಬಾಗಿಲು ತಟ್ಟಿ ಸುಮ್ನೆ ನಿಂತ್ಕೊಳ್ಳೋರು. ಸತ್ತು ನಾಲ್ಕು ವರ್ಷ ಆದ್ರೂ ಒಂದಿನ ತಪ್ಸಿಲ್ಲ. ಅದಕ್ಕೇ ಕಣಮ್ಮ ನಾನಿನ್ನೂ ಎದ್ದು ಅನ್ನ ಮಾಡೋದು."

ಅಳಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಳ್ಳಲು ನೋಡಿದೆ, ಆಗಲಿಲ್ಲ. ಪುಣ್ಯಕ್ಕೆ ಯಂತ್ರದ ಕಾರ್ಡಿನಲ್ಲಿ ಮೂಲ ಹಾಗೇ ಇತ್ತು. ಮತ್ತೆ ಇಳಿಸಿಕೊಂಡೆ. ಮರುದಿನ ಎರಡೂಕಾಲಿಗೆ ಫೋನು. "ಬಂದ್ರಮ್ಮ." ಅಷ್ಟೇ ಹೇಳಿ ಇಟ್ಟರು.

ಆರಿಸದ ಪಟ್ಟಿ ಡಾಕ್ಟರಿಗೆ ಬೇಡ. "ಆರ್ಸು, ಇಲ್ಲಾ ಕೈಬಿಡು ಮಾರಾಯ್ತಿ" ಅಂದರು. ಇನ್ನೊಂದು ಪ್ರತಿ ಮಾಡಿಕೊಂಡು ಆರಿಸಬಹುದಿತ್ತು, ಧೈರ್ಯ ಬರಲಿಲ್ಲ. ಕೈಬಿಟ್ಟೆ. ಆ ಫೈಲಿಗೆ ಪಾಸ್‌ವರ್ಡ್ ಹಾಕಿ ನನ್ನ ಬಳಿಯೇ ಇಟ್ಟುಕೊಂಡೆ. ಅದನ್ನು ಯಾರೂ ಮುಟ್ಟಿಲ್ಲ.

ಕಳೆದ ವರ್ಷ ಸೆಲ್ವಿಯಮ್ಮ ತೀರಿಕೊಂಡರು. ಸುದ್ದಿ ತಿಳಿದು ಬಸ್ಸು ಹಿಡಿದು ಹೋದೆ. ಪಕ್ಕದ ಮನೆಯಾಕೆ ಹೇಳಿದರು: "ಮಧ್ಯಾಹ್ನ ನೋಡಿದ್ರೆ ಬಾಗಿಲು ಹಾರು ಹೊಡ್ದಿತ್ತು. ಎರಡು ತಟ್ಟೆ ಹಾಕಿ ಪಕ್ಕದಲ್ಲೇ ಒರಗಿದ್ರು, ಪಾಪ."

ಮನೆಗೆ ಬಂದು ಆ ಫೈಲ್ ತೆರೆದೆ. ಎರಡು ಹತ್ತರ ಜಾಗದಲ್ಲಿ ಮೂರು ಬಡಿತ ಇರಲಿಲ್ಲ, ಬಿಡುವೂ ಇರಲಿಲ್ಲ. ಎದೆ ಒಂದೇ ಸಮನೆ ಬಡಿದುಕೊಂಡು ಹೋಗಿತ್ತು. ಬೇರೆ ಯಾರದೋ ಇರಬೇಕು ಎಂದು ನಾಲ್ಕು ಸಲ ಹೆಸರು ನೋಡಿದೆ. ಆಕೆಯದೇ.

ಎಲ್ಲವನ್ನೂ ಕೇಳಿದ ಅಮ್ಮ, "ಇನ್ಯಾಕೆ ತಟ್ತಾರೆ, ಬಾಗಿಲು ತೆಗ್ದೇ ಇತ್ತಲ್ಲ" ಅಂದಳು.

ನನಗೆ ನಗು ಬರಲಿಲ್ಲ.