ಕೆಳಗಿನ ಹಾಳೆ

2006ರ ಏಪ್ರಿಲ್, ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಚಿತ್ತವಾಡ್ಗಿಯ ಮನೆಯಲ್ಲಿದ್ದವರು ನಾನು, ಮತ್ತು ಸಂಡೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ನನ್ನ ತಂಗಿ. ಸೆರಗು ಸರಿಸಿದಳು. ಎಡಗಣ್ಣು ಮುಚ್ಚಿಹೋಗಿತ್ತು. ತುಟಿ ಸೀಳಿತ್ತು. ಕತ್ತಿನ ಮೇಲೆ ನಾಲ್ಕು ಬೆರಳು ಹಾಗೇ ಮೂಡಿದ್ದವು.

ಅದಿರಿನ ಲಾರಿ ಓಡಿಸತೊಡಗಿದ ಮೇಲೆ ಅವಳ ಗಂಡನಿಗೆ ದುಡ್ಡೂ ಬಂದಿತ್ತು, ಹೊಡೆಯುವ ಚಟವೂ ಬಂದಿತ್ತು. ಅವನು ಹೆದರುತ್ತಿದ್ದುದು ಮೆಟ್ರಿ ಊರಲ್ಲಿದ್ದ ತನ್ನ ಅಣ್ಣನಿಗೆ ಮಾತ್ರ. ಲಾರಿಗಳು ಆ ಅಣ್ಣನ ಹೆಸರಿನಲ್ಲಿದ್ದವು. ಆದರೆ ಆ ಮನೆಯಲ್ಲಿ ತಮ್ಮನ ಹೆಂಡತಿಯ ಮುಖವನ್ನು ಅಣ್ಣ ನೋಡುವಂತಿಲ್ಲ, ಅವರೆದುರು ಇವಳು ಸೆರಗು ತೆಗೆಯುವಂತಿಲ್ಲ. ಹೋದ ಸಲ ಅವರಿಗೆ ತೋರಿಸಲೆಂದು ಫೋಟೋ ತೆಗೆಸಿದ್ದಳು. ಸ್ಟುಡಿಯೋದವನು ಉಪಕಾರವೆಂದು ಗಾಯವನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸಿ, ಮುಖ ಬೆಳ್ಳಗೆ ಮಾಡಿ ಕೊಟ್ಟಿದ್ದ.

"ನನಗ ಬುದ್ಧಿ ಹೇಳಾಕ ಇವತ್ತು ಮೆಟ್ರಿ ಭಾವನೋರ್ನ ಕರಕೊಂಡು ಬರ್ತಾನ," ಅಂದಳು. "ಅವರು ಹೋಗು ಅಂದ್ರ ಹೋಗಬೇಕು. ಹೋದ್ರ ಈ ಸಲ ಉಳಿಯಾಂಗಿಲ್ಲ ಅಕ್ಕ. ನೀ ನನ್ನ ಮುಖದ ಚಿತ್ರ ಬರಿ. ಕಾಗದ ನೋಡಾಕ ಅವರಿಗೆ ಅಡ್ಡಿ ಇಲ್ಲ. ಚಂದ ಮಾಡಬ್ಯಾಡ, ಹೆಂಗೈತೋ ಹಂಗ."

ನಾನು ಡ್ರಿಲ್ ಟೀಚರಾಗಿ ನಿವೃತ್ತಳಾದವಳು. ದಿನವೂ ತಿಂಡಿಯಾದ ಮೇಲೆ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು ಮುಖ ಬರೆಯುತ್ತೇನೆ. ಆ ದಿನ ತಿಂಡಿ ಬಿಟ್ಟೆ. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಮೊದಲು ತೆಳು ಕಂದು ಹಾಕಿದೆ, ಆಮೇಲೆ ಕಪ್ಪು. ಕಣ್ಣಿನ ಸುತ್ತ ನೀಲಿಯ ಮೇಲೆ ಕೆಂಪು, ಅದರ ಮೇಲೆ ಮತ್ತೆ ನೀಲಿ. ಮಾರ್ಕರಿಗೆ ರಬ್ಬರಿಲ್ಲ, ಎಳೆದದ್ದು ಎಳೆದದ್ದೇ. ಕತ್ತಿನ ಬೆರಳು ತುಂಬುವಾಗ ಕೈ ಎಷ್ಟು ಒತ್ತಿತೆಂದರೆ ಮಾರ್ಕರಿನ ತುದಿ ಚಪ್ಪಟೆಯಾಯಿತು. ಹೊಡೆದ ಹಾಗೆಯೇ ಬರೆದೆ ಅನ್ನಬೇಕು.

ಅವಳ ಗಂಡ ಬಾಗಿಲು ತಟ್ಟಲಿಲ್ಲ, ಒದ್ದ. ಚಿಲಕ ಕಿತ್ತು ಬಂತು. ಅಣ್ಣ ಇನ್ನೂ ಆಟೋದಿಂದ ಇಳಿಯುತ್ತಿದ್ದರು.

"ಏನ್ರಿ ಟೀಚರ್ರ, ಐತವಾರನೂ ಕ್ಲಾಸೇನು?"

ಮೇಜಿನ ಮೇಲಿನ ಚಿತ್ರ ಕಂಡದ್ದೇ ಕೈ ಹಾಕಿದ. ನಾನು ಬಿಡಲಿಲ್ಲ. ಮಣಿಕಟ್ಟು ತಿರುಚಿ ಕಿತ್ತುಕೊಂಡು ಚೂರುಚೂರು ಹರಿದ. ಅಡ್ಡ ಬಂದ ತಂಗಿಯನ್ನು ಗೋಡೆಗೆ ನೂಕಿದ. ತಲೆ ಬಡಿದ ಸದ್ದು ಕೇಳಿತು.

"ಏನಲೇ ಗದ್ದಲ?" ಅಣ್ಣ ಒಳಗೆ ಬಂದು ತಲೆ ತಗ್ಗಿಸಿ ನಿಂತರು. ತಂಗಿ ಸೆರಗು ಎಳೆದುಕೊಂಡಳು.

"ಮೆಟ್ಟಲದಾಗ ಜಾರಿ ಬಿದ್ದಾಳಣ್ಣ. ಅದನ್ನ ಇವರು ದೆವ್ವದಂಗ ಬರದು ತೋರಸಾಕ ಹೊಂಟಾರ."

ಮೇಜಿನ ಮೇಲೆ, ಚಿತ್ರದ ಅಡಿಗೆ ಹಾಸಿದ್ದ ಹಾಳೆ ಉಳಿದಿತ್ತು. ಒತ್ತಿ ಎಳೆದ ಕಡೆಯಷ್ಟೇ ಅದಕ್ಕೆ ಶಾಯಿ ಇಳಿದಿತ್ತು. ಮೂಗಿಲ್ಲ, ಹಣೆಯಿಲ್ಲ; ಕಣ್ಣಿನ ಸುತ್ತಿನ ಕಲೆ, ತುಟಿಯ ಸೀಳು, ನಾಲ್ಕು ಬೆರಳು. ಅದನ್ನೇ ಅಣ್ಣನ ಕೈಗಿತ್ತೆ. ಬೆಳಕಿಗೆ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು.

"ಮೆಟ್ಟಲಕ್ಕ ಬೆರಳಿರತಾವೇನಲೇ?"

ಉತ್ತರಕ್ಕೆ ಕಾಯದೆ ಕಪಾಳಕ್ಕೆ ಬಿಟ್ಟರು. ಅವನು ಕುರ್ಚಿಯ ಮೇಲೆ ಬಿದ್ದ, ಕುರ್ಚಿ ಮುರಿಯಿತು. ಏಳುವಾಗ ಅವನ ಕೆನ್ನೆಯ ಮೇಲೂ ನಾಲ್ಕು ಬೆರಳು ಮೂಡಿದ್ದವು. ಆ ಮನೆಯ ಕೈಗಳೆಲ್ಲ ಒಂದೇ ಅಳತೆ.

ಅಣ್ಣ ಗೋಡೆಯ ಕಡೆ ನೋಡುತ್ತಲೇ ತಂಗಿಗೆ ಹೇಳಿದರು: "ನೀ ಇಲ್ಲೇ ಇರವ್ವ. ಇವ ಈ ಹೊಸ್ತಿಲಕ್ಕ ಬಂದ ದಿನ ಲಾರಿ ಕೀಲಿ ನಾ ಇಸಗೋತೀನಿ." ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ತಮ್ಮನ ತೋಳು ಹಿಡಿದು ನಡೆದರು.

ಮಧ್ಯಾಹ್ನ ತಂಗಿಗೆ ಮೊಸರನ್ನ ಕಿವುಚಿ ಕೊಟ್ಟೆ. ಮಾರ್ಕರುಗಳಿಗೆ ಮುಚ್ಚಳ ಹಾಕಿದೆ. ಸಂಜೆ ಉದ್ದನೆಯ ಮೊಳೆ ತಂದು ಚಿಲಕ ಹೊಡೆದೆ. ತಿರುಚಿದ ಮಣಿಕಟ್ಟು ಪ್ರತಿ ಪೆಟ್ಟಿಗೂ ನೋಯಿತು. ತಂಗಿ ಒಳಗಿನಿಂದ ಜಗ್ಗಿ ನೋಡಿದಳು.

"ಇನ್ನೊಂದು ಹೊಡಿ," ಅಂದಳು. ಹೊಡೆದೆ.